ಟ್ರೇಲರಿನ ಅಡಿಯಲ್ಲಿ ಕರಗಿದ ಹಿಮ

ನವೆಂಬರ್ 9, ಶನಿವಾರ

ಹೊರಗೆ ಮೈನಸ್ ಹನ್ನೆರಡು ಡಿಗ್ರಿ. ಒಳಗೆ ಹನ್ನೊಂದು. ಫರ್ನೇಸಿನ ಗುಂಡಿ ತಿರುಗಿಸಿಟ್ಟಿರುವುದು ಇಪ್ಪತ್ತಕ್ಕೆ.

ಇದನ್ನೆಲ್ಲ ಬರೆದಿಡು ಅಂದವರು ಡರ್ಕ್ಸೆನ್. ರಸ್ತೆಯಾಚೆಯ ಮನೆ ಅವರದು. ಆಗಸ್ಟಿನ ಕಾಡುಬೆಂಕಿ ನಮ್ಮದೂ ಸೇರಿ ಈ ಬದಿಯ ಒಂಬತ್ತು ಮನೆಗಳನ್ನು ನುಂಗಿ, ರಸ್ತೆ ದಾಟದೆ ನಿಂತಿತು. ಮೂವತ್ತು ವರ್ಷ ಈ ಕಣಿವೆಯ ಉದ್ದಕ್ಕೂ ಪ್ರೊಪೇನ್ ಗ್ಯಾಸಿನ ಲಾರಿ ಓಡಿಸಿದ ಮನುಷ್ಯ. ಯಾರ ಮನೆಯನ್ನು ಬೆಚ್ಚಗಿಡುವ ಫರ್ನೇಸು ಹೇಗೆ ಕೆಮ್ಮುತ್ತದೆ ಎಂಬುದು ಅವರಿಗೆ ಇವತ್ತಿಗೂ ನೆನಪಿದೆ.

"ಫರ್ನೇಸು ಅಂದ್ರೆ ಕಾಯಿಲೆ ಬಿದ್ದ ಮನುಷ್ಯ ಇದ್ದ ಹಾಗೆ ಗಾರ್ತ್," ಅಂದರು. "ಇವತ್ತು ಏನ್ ಮಾಡ್ದೆ, ಅದಕ್ಕೆ ಅದು ಏನಂತು, ದಿನಾ ಬರೆದಿಡು. ಇಲ್ಲಾಂದ್ರೆ ಮಾಡಿದ್ದನ್ನೇ ಮಾಡ್ತಾ ಮಾಡ್ತಾ ನಿಂಗೇ ತಲೆ ಕೆಡುತ್ತೆ."

ಸರಿ, ಬರೆಯುತ್ತೇನೆ. ಮೂವತ್ನಾಲ್ಕು ವರ್ಷ ಮರದ ಮಿಲ್ಲಿನಲ್ಲಿ ಗರಗಸಗಳ ಹಲ್ಲು ಮಸೆದವನಿಗೆ ಮನೆ ಸುಟ್ಟ ಮೇಲೆ ಸೇರಿಕೊಂಡ ಈ ಇಪ್ಪತ್ನಾಲ್ಕು ಅಡಿಯ ಗಾಲಿಮನೆಯನ್ನು, ಒಂದು ಟ್ರೇಲರನ್ನು, ಬೆಚ್ಚಗಿಡುವುದು ಕಷ್ಟವಾಗಬಾರದು.

ಇದರ ಪಾಡು ಹೀಗಿದೆ: ಗೋಡೆಯ ಮೇಲಿನ ಗುಂಡಿ ಟಕ್ ಅನ್ನುತ್ತದೆ. ಫ್ಯಾನ್ ತಿರುಗುತ್ತದೆ. ಸ್ವಲ್ಪ ಹೊತ್ತಿಗೆ ಒಳಗೆಲ್ಲೋ ಬುಸ್ಸೆಂದು ಬೆಂಕಿ ಹತ್ತುತ್ತದೆ. ಆಮೇಲೆ ನೆಲದ ಜಾಲರಿಗಳಿಂದ ಬಿಸಿಗಾಳಿ ರಭಸವಾಗಿ ಬರಬೇಕು. ಹಿಂಬದಿಯ ಹಾಸಿಗೆಯ ಹತ್ತಿರ ಉಗುರುಬೆಚ್ಚಗೆ ಬರುತ್ತದೆ. ಮುಂಬದಿಯ ಬೆಂಚಿನ ಹತ್ತಿರ ಅದೂ ಇಲ್ಲ. ಹಾಸಿಗೆಯಲ್ಲಿ ಹೆಂಡತಿ ಮಾರ್ನಿ ಮಲಗುತ್ತಾಳೆ, ಬೆಂಚಿನ ಮೇಲೆ ನಾನು.

ಇಂದು ಸಿಲಿಂಡರ್ ಬದಲಿಸಿದೆ. ಏನೂ ವ್ಯತ್ಯಾಸವಿಲ್ಲ.

ನವೆಂಬರ್ 12, ಮಂಗಳವಾರ

ಹೊರಗೆ ಮೈನಸ್ ಒಂಬತ್ತು, ಒಳಗೆ ಹನ್ನೆರಡು.

ಹೊಗೆ ಹೊರಹೋಗುವ ಕೊಳವೆಯೊಳಗೆ ಕಣಜದ ಗೂಡು ಸಿಕ್ಕಿತು. ಒಣಗಿದ ಮಣ್ಣು, ಮುಷ್ಟಿಯಷ್ಟು. ಸ್ಕ್ರೂಡ್ರೈವರಿನಿಂದ ಕೆರೆದು ಕೆರೆದು ತೆಗೆದೆ. ಬೆರಳ ತುದಿಗಳಲ್ಲಿ ಜೀವವೇ ಇರಲಿಲ್ಲ. ಇದೇ ರೋಗ, ಸಿಕ್ಕಿಬಿತ್ತು ಅಂದುಕೊಂಡು ಖುಷಿಯಿಂದ ಒಳಗೆ ಬಂದೆ. ಒಂದು ಗಂಟೆಯಾದರೂ ಹನ್ನೆರಡೇ.

ಮಾರ್ನಿ ಅಂಚೆ ಕಚೇರಿಯಿಂದ ಬಂದು ಕೋಟು ತೆಗೆಯದೆಯೇ ಒಲೆಯ ಮುಂದೆ ನಿಂತಳು. "ಏನ್ ಸಿಕ್ತು?" ಅಂದಳು.

"ಕಣಜದ ಗೂಡು."

"ಪಾಪ. ಅವುಕ್ಕಾದ್ರೂ ಮನೆ ಇತ್ತು."

ನಾನು ನಗಲಿಲ್ಲ. ಅವಳೂ ನಗಲಿಲ್ಲ.

ಜುಲೈಯಲ್ಲಿ ಅವಳು ನನ್ನನ್ನು ಬಿಟ್ಟು ಹೋಗುವುದಾಗಿ ಹೇಳಿದ್ದಳು. ಕಾಮ್ಲೂಪ್ಸ್ ಪಟ್ಟಣದಲ್ಲಿ ಒಂದು ಬಾಡಿಗೆ ಮನೆಯನ್ನೂ ಗೊತ್ತುಮಾಡಿಕೊಂಡಿದ್ದಳು. "ನಿನ್ನ ಜೊತೆ ಇರೋದೂ ಒಂದೇ, ಒಬ್ಬಳೇ ಇರೋದೂ ಒಂದೇ ಗಾರ್ತ್. ಒಬ್ಬಳೇ ಇದ್ರೆ ಅಡುಗೆ ಆದ್ರೂ ಕಡಿಮೆ," ಅಂದಿದ್ದಳು. ಅಷ್ಟರಲ್ಲಿ ಬೆಂಕಿ ಬಂತು. ಆ ಬಾಡಿಗೆ ಮನೆಯನ್ನು ಬೆಂಕಿಯಿಂದ ಮಕ್ಕಳೊಂದಿಗೆ ಓಡಿಬಂದ ಆರು ಜನರ ಒಂದು ಸಂಸಾರಕ್ಕೆ ತಾನೇ ಬಿಟ್ಟುಕೊಟ್ಟಳು. ಈಗ ಎಲ್ಲಿಯೂ ಒಂದು ಕೋಣೆ ಖಾಲಿಯಿಲ್ಲ. ಜನವರಿಯಲ್ಲಿ ಅಲ್ಲೇ ಕಾಮ್ಲೂಪ್ಸಿನಲ್ಲಿರುವ ಅವಳ ತಂಗಿ ಲೋರ್ನಾಳ ಮನೆಯ ಕೆಳಗಿನ ಕೋಣೆ ತೆರವಾಗುತ್ತದಂತೆ. ಅಲ್ಲಿಯವರೆಗೆ ಇಲ್ಲಿ.

ಇದನ್ನು ಯಾಕೆ ಬರೆದೆನೋ ಗೊತ್ತಿಲ್ಲ. ಫರ್ನೇಸಿಗೂ ಇದಕ್ಕೂ ಸಂಬಂಧವಿಲ್ಲ.

ನವೆಂಬರ್ 16, ಶನಿವಾರ

ಮೈನಸ್ ಹದಿನಾಲ್ಕು. ಒಳಗೆ ಹತ್ತು.

ಫರ್ನೇಸನ್ನು ಹೊರಗೆಳೆದು ಬಿಚ್ಚಿದೆ. ಫ್ಯಾನಿನ ರೆಕ್ಕೆಗೆ ಹಿಂದಿನ ಮಾಲೀಕನ ನಾಯಿಯ ಕೂದಲು ಸುತ್ತಿಕೊಂಡಿತ್ತು. ಗಾಳಿ ಬೀಸಿದರೆ ಮಾತ್ರ ಬೆಂಕಿ ಹತ್ತಲು ಬಿಡುವ ಒಂದು ಪುಟ್ಟ ತಗಡಿದೆ, ಅದರ ಮೇಲೂ ಕೂದಲು. ಎಲ್ಲವನ್ನೂ ಒರೆಸಿ ಮತ್ತೆ ಕೂಡಿಸಿದೆ. ನಾಲ್ಕು ಗಂಟೆಯ ಕೆಲಸ. ಸೊಂಟ ಬಿದ್ದುಹೋಗಿದೆ.

ಮಾರ್ನಿ ಪಾತ್ರೆ ತೊಳೆಯುತ್ತ, "ನಾನು ದೀಪ ಹಾಕಿದಾಗೆಲ್ಲ ಫ್ಯಾನಿನ ದನಿ ಇಳಿಯುತ್ತೆ," ಅಂದಳು.

"ದೀಪಕ್ಕೂ ಫ್ಯಾನಿಗೂ ಏನ್ ಸಂಬಂಧ?"

"ಸಂಬಂಧ ನಂಗೊತ್ತಿಲ್ಲ. ದನಿ ಇಳಿಯುತ್ತೆ ಅಂದೆ."

ದೀಪ ಹಾಕಿ ತೆಗೆದು ನೋಡಿದೆ. ನನ್ನ ಕಿವಿಗೆ ಏನೂ ಬೀಳಲಿಲ್ಲ.

ನವೆಂಬರ್ 19, ಮಂಗಳವಾರ

ಡರ್ಕ್ಸೆನ್ ಬಂದಿದ್ದರು. ಎಪ್ಪತ್ತಾರು ವರ್ಷವಾದರೂ ಕೈಗವಸು ಹಾಕದೆ ಓಡಾಡುತ್ತಾರೆ. ಬರೆದದ್ದನ್ನು ಓದಿಸಿಕೊಂಡರು (ಫರ್ನೇಸಿನದ್ದು ಮಾತ್ರ). ಮೊದಲು ಕೇಳಿದ್ದೇ, "ದೀಪ ಹಾಕಿದ್ರೆ ಫ್ಯಾನ್ ಸೋಲುತ್ತಾ?"

"ನೋಡಿಲ್ಲ," ಅಂದೆ.

ಮಾರ್ನಿ ತಿರುಗಿಯೂ ನೋಡದೆ, "ಸೋಲುತ್ತೆ. ಮೂರು ದಿನದ ಹಿಂದೆ ಹೇಳಿದ್ದೆ," ಅಂದಳು.

ಡರ್ಕ್ಸೆನ್ ನನ್ನ ಮುಖ ನೋಡಿದರು. ಆಮೇಲೆ ಕಾಫಿ ಲೋಟದೊಳಗೆ ನೋಡಿದರು.

ಬ್ಯಾಟರಿಯ ತಂತಿ ಕಚ್ಚುವ ಜಾಗದಲ್ಲಿ ಹಸಿರು ಕಿಲುಬು ಕಟ್ಟಿತ್ತು. ಹದಿಮೂರು ವೋಲ್ಟಿನ ಹತ್ತಿರ ಇರಬೇಕಾದದ್ದು ಹನ್ನೊಂದು ತೋರಿಸುತ್ತಿತ್ತು. ಫ್ಯಾನು ಅರೆಹೊಟ್ಟೆಯಲ್ಲಿ ತಿರುಗುತ್ತಿದೆ ಅಂದರು ಡರ್ಕ್ಸೆನ್. ಅಡುಗೆ ಸೋಡಾ ಕಲಸಿ ಕಿಲುಬು ತೊಳೆದು, ತಂತಿ ಬಿಗಿಮಾಡಿದೆವು. ಹದಿಮೂರೂವರೆ ಬಂತು. ಗಾಳಿಗೆ ಸ್ವಲ್ಪ ಬಲ ಬಂದಿದೆ. ಒಳಗೆ ಹದಿಮೂರು ಡಿಗ್ರಿ.

ಮಾರ್ನಿಗೆ ಏನಾದರೂ ಹೇಳಬೇಕಿತ್ತು. ಊಟದ ಹೊತ್ತಿಗೆ ಮರೆತೆ.

ಡಿಸೆಂಬರ್ 1, ಭಾನುವಾರ

ಹನ್ನೆರಡು ದಿನ ಬರೆದಿಲ್ಲ. ಸುಟ್ಟ ಮನೆಯ ಬೂದಿ ಎತ್ತುವವರು ಬಂದಿದ್ದರು, ಅವರ ಜೊತೆ ನಿಲ್ಲಬೇಕಾಯಿತು. ಈಗ ಮನೆಯಿದ್ದ ಜಾಗದಲ್ಲಿ ಒಂದು ಚೌಕನೆಯ ಗುಂಡಿ ಇದೆ. ಅದರಲ್ಲಿ ಹಿಮ ಬೀಳುತ್ತಿದೆ. ಬೆಳಗ್ಗೆ ಟ್ರೇಲರಿನ ಬಾಗಿಲು ತೆರೆದರೆ ಎದುರಿಗೇ ಅದು. ಪರದೆ ಎಳೆದುಬಿಟ್ಟೆ.

ಡರ್ಕ್ಸೆನ್ ಇವತ್ತು ಒಂದು ಪಾರದರ್ಶಕ ಕೊಳವೆ ತಂದಿದ್ದರು. ಇಂಗ್ಲಿಷಿನ ಯು ಅಕ್ಷರದ ಹಾಗೆ ಹಲಗೆಗೆ ಬಡಿದದ್ದು, ಒಳಗೆ ಕೆಂಪು ಬಣ್ಣ ಬೆರೆಸಿದ ನೀರು. ಒಲೆಯ ಗ್ಯಾಸ್ ಬರುವ ಕಡೆ ಅದರ ಒಂದು ತುದಿ ಸಿಕ್ಕಿಸಿದರು. ನೀರು ಒಂದು ಬದಿ ಇಳಿದು ಇನ್ನೊಂದು ಬದಿ ಏರಿತು. ಎರಡರ ನಡುವೆ ಹನ್ನೊಂದು ಅಂಗುಲ ಇರಬೇಕಂತೆ. ಇತ್ತು. ಫರ್ನೇಸು ಹತ್ತಿದ ಕ್ಷಣ ಏಳಕ್ಕೆ ಕುಸಿಯಿತು.

"ರೆಗ್ಯುಲೇಟರ್ ಸತ್ತಿದೆ," ಅಂದರು. "ಒಬ್ಬರಿಗೆ ಬಡಿಸುತ್ತೆ, ಇಬ್ಬರು ಕೂತ್ರೆ ಕೈ ಎತ್ತುತ್ತೆ."

ಹೊಸದಕ್ಕೆ ಬರೆದು ಹಾಕಿದೆ.

ಡಿಸೆಂಬರ್ 5, ಗುರುವಾರ

ಮೈನಸ್ ಇಪ್ಪತ್ತಾರು. ನೀರಿನ ಪೈಪು ಹೆಪ್ಪುಗಟ್ಟಿತು. ಡರ್ಕ್ಸೆನ್ ಮನೆಯಿಂದ ಬಕೆಟ್ಟಿನಲ್ಲಿ ನೀರು. ಸಾಕಾಗಿದೆ.

ಡಿಸೆಂಬರ್ 6, ಶುಕ್ರವಾರ

ರೆಗ್ಯುಲೇಟರ್ ಬಂತು. ಮಾರ್ನಿಯೇ ಅಂಚೆ ಕಚೇರಿಯಲ್ಲಿ ಅದನ್ನು ಬೇರ್ಪಡಿಸಿ, ಮಧ್ಯಾಹ್ನ ಊಟಕ್ಕೆ ಹೋಗದೆ ಇಲ್ಲಿಗೆ ತಂದು ಕೊಟ್ಟು ವಾಪಸು ಓಡಿದಳು. ಕೂಡಿಸಿದೆ. ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿದೆ. ಇಲ್ಲ. ಈಗ ಫರ್ನೇಸಿನ ಬೆಂಕಿ ಗಟ್ಟಿಯಾಗಿ ಉರಿಯುತ್ತಿದೆ. ಹೊಗೆ ಕೊಳವೆಯ ಮುಂದೆ ಕೈ ಹಿಡಿಯಲಾಗುವುದಿಲ್ಲ.

ಒಳಗೆ ಹದಿನಾಲ್ಕು.

ಇಷ್ಟು ಬೆಂಕಿ ಎಲ್ಲಿ ಹೋಗುತ್ತಿದೆ? ಗ್ಯಾಸು ಸರಿಯಿದೆ, ಕರೆಂಟು ಸರಿಯಿದೆ, ಬೆಂಕಿ ಸರಿಯಿದೆ. ಮುಂಬದಿಯ ಜಾಲರಿಯ ಮೇಲೆ ಕೈಯಿಟ್ಟರೆ ಮಾತ್ರ ಹೆಣ ಮುಟ್ಟಿದ ಹಾಗೆ.

ಡಿಸೆಂಬರ್ 8, ಭಾನುವಾರ

ನಿನ್ನೆಯಿಂದ ಇಬ್ಬರೂ ಹಿಂದಿನ ಹಾಸಿಗೆಯಲ್ಲೇ ಮಲಗುತ್ತಿದ್ದೇವೆ. ಬೆಂಚಿನ ಬಳಿ ಕಿಟಕಿಗೆ ತಾಗಿಸಿಟ್ಟ ಲೋಟದ ನೀರು ಹೆಪ್ಪುಗಟ್ಟಿದ್ದನ್ನು ನೋಡಿ ಅವಳೇ ಅಂದಳು: "ಬಾ. ನ್ಯುಮೋನಿಯಾ ಬಂದ್ರೆ ನಿನ್ನ ನೋಡ್ಕೊಳ್ಳೋಕೆ ನಂಗೆ ರಜೆ ಇಲ್ಲ." ಇಬ್ಬರೂ ಕೋಟು, ಟೋಪಿ, ಎರಡೆರಡು ಜೊತೆ ಕಾಲುಚೀಲ. ಎರಡು ಮರದ ದಿಮ್ಮಿಗಳ ಹಾಗೆ ಬೆನ್ನಿಗೆ ಬೆನ್ನು.

ಇಂದು ಮಧ್ಯಾಹ್ನ ವಿಮೆಯವರಿಗೆ ಕೊಡಬೇಕಾದ ಪಟ್ಟಿ ಬರೆಯಲು ಕೂತೆವು. ಮನೆಯಲ್ಲಿ ಏನೇನಿತ್ತು, ಕೋಣೆ ಕೋಣೆಯಾಗಿ. ನೆಲಮಾಳಿಗೆಯ ನನ್ನ ಕೆಲಸದ ಕೋಣೆಯದ್ದು ನಾನು ಹೇಳಿದೆ. ಅರಗಳ ಅಳತೆ, ಇಕ್ಕಳಗಳ ಸಾಲು, ಯಾವ ಡಬ್ಬಿಯಲ್ಲಿ ಯಾವ ಮೊಳೆ. ಎರಡು ಹಾಳೆ ತುಂಬಿತು. ಆಮೇಲೆ ಮಲಗುವ ಕೋಣೆ.

"ಪರದೆ," ಅಂದಳು ಮಾರ್ನಿ, ಪೆನ್ನು ಹಿಡಿದು. "ಬಣ್ಣ ಹೇಳು."

"ನೀನೇ ಬರಿ, ನಿನಗೆ ಗೊತ್ತಲ್ಲ."

"ನಿನ್ನ ಕೇಳ್ತಿದೀನಿ. ಹನ್ನೊಂದು ವರ್ಷ ದಿನಾ ಬೆಳಗ್ಗೆ ಕಣ್ಣು ಬಿಟ್ರೆ ಎದುರಿಗೆ ಇದ್ದ ಪರದೆ. ನಾನೇ ಹೊಲಿದಿದ್ದು."

ನೀಲಿ ಅಂದೆ. ಅವಳು ಪೆನ್ನು ಕೆಳಗಿಟ್ಟು ಹೊರಗೆ ಹೋದಳು. ಕಾರಿನಲ್ಲಿ ಕೂತಿದ್ದಳು, ಹೀಟರ್ ಹಾಕಿಕೊಂಡು, ಒಂದು ಗಂಟೆ. ನಾನು ಕಿಟಕಿಯಿಂದ ನೋಡುತ್ತಿದ್ದೆ. ಹೋಗಿ ಕರೆಯಬೇಕೆನಿಸಿತು. ಏನಂತ ಕರೆಯಲಿ?

ಹಳದಿಯಂತೆ. ಸಣ್ಣ ಬಿಳಿ ಹಕ್ಕಿಗಳು ಇದ್ದುವಂತೆ.

ಡಿಸೆಂಬರ್ 13, ಶುಕ್ರವಾರ

ಆಸ್ಪತ್ರೆಯಿಂದ ಈಗ ಬಂದೆವು. ನಾಳೆ ಬರೆಯುತ್ತೇನೆ.

ಡಿಸೆಂಬರ್ 14, ಶನಿವಾರ

ನಿನ್ನೆ ಮೈನಸ್ ಮೂವತ್ತೊಂದು. ಒಳಗೆ ಎಂಟು. ಮಾರ್ನಿ ಕೆಲಸಕ್ಕೆ ಹೋದ ಮೇಲೆ ನನಗೆ ರೋಸಿಹೋಯಿತು. ಅಡುಗೆ ಒಲೆಯ ಮೂರೂ ಬರ್ನರ್ ಹತ್ತಿಸಿದೆ. ಚಾವಣಿಯ ಗಾಳಿಕಿಂಡಿಗೆ ದಿಂಬು ತುರುಕಿದೆ, ಬಾಗಿಲ ಸಂದಿಗೆ ಕಂಬಳಿ. ಹಾಗೆ ಮಾಡಬಾರದು ಅಂತ ಒಲೆಯ ಮೇಲೆಯೇ ಅಚ್ಚುಹಾಕಿದ್ದಾರೆ. ಓದಿದ್ದೇನೆ. ಹದಿನೇಳು ಡಿಗ್ರಿ ಬಂತು. ಎಷ್ಟೋ ದಿನದ ನಂತರ ಬೆರಳು ಸಡಿಲವಾಯಿತು. ಬೆಂಚಿನ ಮೇಲೆ ಕಣ್ಣು ಮುಚ್ಚಿದ್ದಷ್ಟೇ ನೆನಪು.

ಮಾರ್ನಿ ನಾಲ್ಕು ಗಂಟೆಗೆ ಬಂದಾಗ ವಿಷಗಾಳಿ ಸೂಚಿಸುವ ಡಬ್ಬಿಯ ಕೂಗು ಅಂಗಳದವರೆಗೆ ಕೇಳುತ್ತಿತ್ತಂತೆ. ನನ್ನ ತಲೆಯಿಂದ ನಾಲ್ಕು ಅಡಿ ದೂರದ ಗೋಡೆಯ ಮೇಲೆ ಅದಿರುವುದು. ನನಗೆ ಒಂದು ಸದ್ದೂ ಕೇಳಿಸಿರಲಿಲ್ಲ. ಬಾಗಿಲು ಒದ್ದು ತೆಗೆದು, ನನ್ನನ್ನು ಕಂಕುಳಿಗೆ ಕೈಹಾಕಿ ಎಳೆದು ಹಿಮದ ಮೇಲೆ ಹಾಕಿದ್ದಾಳೆ. ಅವಳು ಐವತ್ತೆರಡು ಕೆಜಿ, ನಾನು ತೊಂಬತ್ನಾಲ್ಕು. ಹೇಗೆ ಎಳೆದಳೋ ಅವಳಿಗೂ ಗೊತ್ತಿಲ್ಲ.

ಎಚ್ಚರವಾದಾಗ ಅವಳು ನನ್ನ ಪಕ್ಕ ಹಿಮದಲ್ಲಿ ಕೂತು ಕೆನ್ನೆಗೆ ಹೊಡೆಯುತ್ತ ಬೈಯುತ್ತಿದ್ದಳು. ತುಟಿ ಅಲ್ಲಾಡುತ್ತಿದ್ದದ್ದು ಕಾಣುತ್ತಿತ್ತು. ಅರ್ಧ ಮಾತು ಕೇಳಿಸಿತು.

ಆಸ್ಪತ್ರೆಯಲ್ಲಿ ನಾಲ್ಕು ತಾಸು ಆಮ್ಲಜನಕ ಕೊಟ್ಟರು. ತಲೆ ಇನ್ನೂ ಸಿಡಿಯುತ್ತಿದೆ.

ಡಿಸೆಂಬರ್ 15, ಭಾನುವಾರ

ಮಾರ್ನಿ ನಿನ್ನೆಯಿಡೀ ಮಾತಾಡಲಿಲ್ಲ. ಇವತ್ತು ತಿಂಡಿಗೆ ಪ್ಯಾನ್‌ಕೇಕ್ ಹೊಯ್ಯುತ್ತ, ನನ್ನ ಕಡೆ ಬೆನ್ನು ಮಾಡಿಕೊಂಡೇ ಏನೋ ಅಂದಳು. ಕೇಳಲಿಲ್ಲ. ಎಂದಿನಂತೆ ಹೂಂ ಅನ್ನಲು ಹೊರಟವನು ನಿಲ್ಲಿಸಿದೆ.

"ಏನಂದೆ?" ಅಂದೆ.

ಅವಳು ತಿರುಗಿದಳು. "ಏನು?"

"ಏನೋ ಅಂದೆಯಲ್ಲ. ಕೇಳಿಸಲಿಲ್ಲ. ಇನ್ನೊಂದ್ ಸಲ ಹೇಳು."

ಸೌಟು ಹಿಡಿದು ನನ್ನನ್ನೇ ನೋಡಿದಳು. "ಜನವರಿಯಲ್ಲಿ ನಾನು ಹೋದ ಮೇಲೆ ಆ ಬಾಗಿಲು ಯಾರು ತೆಗೀತಾರೆ ಅಂದೆ."

ಮಿಲ್ಲಿನ ಗರಗಸಗಳು ನನ್ನ ಕಿವಿಯನ್ನು ತಿಂದು ಹತ್ತು ವರ್ಷವಾಯಿತು. ಯಂತ್ರ ಹಾಕಿಸಿಕೋ ಅಂತ ಅವಳು ಹೇಳಿದಾಗೆಲ್ಲ, ನನಗೆ ಬೇಕಾದಷ್ಟು ಕೇಳಿಸುತ್ತದೆ ಅಂದಿದ್ದೆ. ಬೇಕಾದಷ್ಟು ಅಂದರೆ ಎಷ್ಟು ಅಂತ ಯಾವತ್ತೂ ಯೋಚಿಸಿರಲಿಲ್ಲ.

"ಕಿವಿ ಪರೀಕ್ಷೆಗೆ ದಿನ ಗೊತ್ತುಮಾಡ್ತೀನಿ," ಅಂದೆ.

"ನನಗೋಸ್ಕರ ಬೇಡ."

"ನಿನಗೋಸ್ಕರ ಅಲ್ಲ. ಆ ಡಬ್ಬಿಗೋಸ್ಕರ."

ಪ್ಯಾನ್‌ಕೇಕ್ ಸೀದುಹೋಯಿತು. ಅದನ್ನೇ ತಿಂದೆವು. ಒಳಗೆ ಹನ್ನೆರಡು.

ಡಿಸೆಂಬರ್ 21, ಶನಿವಾರ

ಇವತ್ತಿನದ್ದನ್ನು ಸಾವಕಾಶವಾಗಿ ಬರೆಯಬೇಕು.

ಡರ್ಕ್ಸೆನ್ ಮನೆಯ ಕೆಂಚು ಬೆಕ್ಕು ಒಂದು ವಾರದಿಂದ ಮನೆಗೆ ಹೋಗುತ್ತಿಲ್ಲವೆಂದು ಅವರು ನಿನ್ನೆ ಹುಡುಕಿಕೊಂಡು ಬಂದಿದ್ದರು. ಬೆಳಗ್ಗೆ ಮಾರ್ನಿ ಮೆಟ್ಟಿಲ ಹಿಮ ಗುಡಿಸುವಾಗ ಅದು ನಮ್ಮ ಟ್ರೇಲರಿನ ಅಡಿಯಿಂದ ಮೈಮುರಿಯುತ್ತ ಹೊರಬಂದದ್ದನ್ನು ನೋಡಿದಳಂತೆ. ಟ್ರೇಲರಿನ ಸುತ್ತ ಗಾಳಿ ತಡೆಯಲು ಹುಲ್ಲಿನ ಕಟ್ಟುಗಳನ್ನು ಜೋಡಿಸಿದ್ದೇವೆ. ಎರಡು ಕಟ್ಟುಗಳ ನಡುವೆ ಒಂದು ಸಂದಿ. ಮಾರ್ನಿ ಮಂಡಿಯೂರಿ ಅಲ್ಲಿ ಮುಖ ಇಟ್ಟಳು.

"ಗಾರ್ತ್! ಬಾ ಇಲ್ಲಿ. ಬೇಗ."

ಹುಲ್ಲಿನ ಕಟ್ಟು ಸರಿಸಿ ನೋಡಿದೆ. ಸುತ್ತ ಮೊಣಕಾಲೆತ್ತರ ಹಿಮ. ಟ್ರೇಲರಿನ ಮುಂಬದಿಯ ಅಡಿಯಲ್ಲಿ ಮಾತ್ರ ಮೊರದಗಲ ಜಾಗದಲ್ಲಿ ಹಿಮ ಕರಗಿ ಕಪ್ಪು ಮಣ್ಣು ಕಾಣುತ್ತಿದೆ. ಮಣ್ಣಿನಿಂದ ಹಬೆ ಏಳುತ್ತಿದೆ. ಎಲ್ಲೋ ಒಂದೆರಡು ಹಸಿರು ಹುಲ್ಲೆಸಳು ಕೂಡ ಮೂಡಿವೆ. ಮುಖಕ್ಕೆ ಬೆಚ್ಚನೆಯ ಗಾಳಿ ಬಡಿಯಿತು. ನನ್ನ ಮುಖಕ್ಕೆ ಎರಡು ತಿಂಗಳಲ್ಲಿ ಬಡಿದ ಮೊದಲ ಬಿಸಿಗಾಳಿ ಅದು.

ಮಾರ್ನಿ ನೆಲದ ಮೇಲೆ ಕೂತು ನಗತೊಡಗಿದಳು. "ಎರಡು ತಿಂಗಳಿಂದ ಬೆಕ್ಕಿಗೆ ಚಳಿ ಕಾಯಿಸ್ತಾ ಇದೀವಲ್ಲೋ ಮಾರಾಯ!" ನಗುತ್ತ ನಗುತ್ತ ಕಣ್ಣಲ್ಲಿ ನೀರು. ನಾನೂ ನಕ್ಕೆ. ಡರ್ಕ್ಸೆನ್ ರಸ್ತೆಯಾಚೆಯಿಂದ ಏನಾಯ್ತೆಂದು ಕುಂಟುತ್ತ ಬಂದರು.

ಸಂದಿಯಲ್ಲಿ ನನ್ನ ಭುಜ ಹಿಡಿಸಲಿಲ್ಲ. ಡರ್ಕ್ಸೆನ್ ಮೊಣಕಾಲು ಮಡಚುವುದಿಲ್ಲ. ಮಾರ್ನಿ ನನ್ನ ಹಳೆಯ ಕೆಲಸದ ಅಂಗಿ ಹಾಕಿಕೊಂಡು, ತಲೆಗೆ ದೀಪ ಕಟ್ಟಿಕೊಂಡು, ಮಲಗಿ ತೆವಳುತ್ತ ಒಳಗೆ ಹೋದಳು. ನಾನು ಹೊರಗಿನಿಂದ, "ಮೊದಲು ಎಡಗಡೆ ನೋಡು, ಆಮೇಲೆ—"

"ಸುಮ್ನಿರು. ನಾನು ನೋಡಿದ್ದನ್ನ ಹೇಳ್ತೀನಿ, ನೀನು ಕೇಳು."

ಸುಮ್ಮನಾದೆ. ಅವಳು ಹೇಳಿದಳು, ನಿಧಾನವಾಗಿ, ಜೋರಾಗಿ, ನನಗೆ ಕೇಳಿಸುವ ಹಾಗೆ. ನೆಲದಡಿಯ ಕಪ್ಪು ಹೊದಿಕೆ ಹರಿದಿದೆ. ಬಿಸಿಗಾಳಿ ಮುಂಬದಿಗೆ ಹೋಗುವ ತಗಡಿನ ಕೊಳವೆ ತಿರುವಿನಲ್ಲಿ ಕಳಚಿ ಕೆಳಗೆ ಜೋತುಬಿದ್ದಿದೆ. ಅದರ ಒಂದು ಕಡೆ ಅಪ್ಪಚ್ಚಿಯಾಗಿದೆ.

"ಯಾಕೆ ಅಪ್ಪಚ್ಚಿಯಾಗಿದೆ?" ಡರ್ಕ್ಸೆನ್ ಕೇಳಿದರು.

ಅವಳ ತಲೆಯ ದೀಪ ಅತ್ತಿತ್ತ ಹೊರಳಿ ಒಂದು ಕಡೆ ನಿಂತಿತು. ಆಮೇಲೆ, "ಜಾಕ್," ಅಂದಳು. ಅಷ್ಟೇ.

ನನ್ನ ಜಾಕ್. ಅಕ್ಟೋಬರಿನಲ್ಲಿ ಟ್ರೇಲರು ಮುಂದಕ್ಕೆ ವಾಲಿದೆಯೆಂದು ಅಡಿಗೆ ಜಾಕ್ ಕೊಟ್ಟು ಎತ್ತಿದ್ದೆ. ಮಾರ್ನಿ ಟಾರ್ಚ್ ಹಿಡಿದಿದ್ದಳು. "ಏನೋ ಕರಕ್ ಅಂತು ಗಾರ್ತ್, ಉಕ್ಕಿನ ತೊಲೆಗೆ ಕೊಟ್ಟಿದ್ಯಾ ನೋಡು," ಅಂದಿದ್ದಳು. "ಏನೂ ಇಲ್ಲ," ಅಂದಿದ್ದೆ. ಈಗ ಅಕ್ಷರ ಅಕ್ಷರ ನೆನಪಾಯಿತು. ಕಣಜ, ನಾಯಿಕೂದಲು, ಕಿಲುಬು, ರೆಗ್ಯುಲೇಟರ್ ಎಲ್ಲವೂ ನಿಜವೇ, ಎಲ್ಲವೂ ಸ್ವಲ್ಪ ಸ್ವಲ್ಪ ಕೆಟ್ಟಿದ್ದವು. ಈ ದೊಡ್ಡದು ಮಾತ್ರ ನನ್ನದು.

ಡರ್ಕ್ಸೆನ್, "ಹಿಂದಿನ ಮಾಲೀಕ ಏನೋ ಎಡವಟ್ಟು ಮಾಡಿರ್ಬೇಕು," ಅಂದರು.

ಹಾಗೇ ಇರಲಿ ಅಂತ ಒಂದು ಕ್ಷಣ ಬಿಟ್ಟೆ. ಒಂದೇ ಕ್ಷಣ. "ಅಲ್ಲ," ಅಂದೆ. "ನಾನೇ ಮಾಡಿದ್ದು. ಇವಳು ಆವತ್ತೇ ಹೇಳಿದ್ಲು."

ಟ್ರೇಲರಿನ ಅಡಿಯಿಂದ ಕೈಯೊಂದು ಹೊರಬಂತು. "ಇಕ್ಕಳ ಕೊಡು," ಅಂದಳು.

ಮೊದಲು ಅವಳನ್ನು ಹೊರಗೆ ಕರೆದು, ಇನ್ನೊಂದು ಜಾಕನ್ನು ಉಕ್ಕಿನ ತೊಲೆಗೆ ಕೊಟ್ಟು ಹಳೆಯದನ್ನು ಬಿಡಿಸಿದೆವು. ಆಮೇಲೆ ಅವಳು ಮತ್ತೆ ಒಳಗೆ ಹೋಗಿ, ಜಜ್ಜಿದ ತಗಡನ್ನು ಒಳಗಿನಿಂದ ಬಡಿದು ಉಬ್ಬಿಸಿ, ತಿರುವಿಗೆ ಸೇರಿಸಿ, ಪಟ್ಟಿ ಬಿಗಿದು, ಮೇಲೆ ಬೆಳ್ಳಿಬಣ್ಣದ ಟೇಪು ಸುತ್ತಿದಳು. ಎರಡೂವರೆ ಗಂಟೆ. ನಾನು ಕೇಳಿದ್ದನ್ನು ಕೊಟ್ಟೆ, ದೀಪ ಹಿಡಿದೆ, ಬೇರೇನೂ ಮಾಡಲಿಲ್ಲ. ಬಹಳ ದಣಿದಿದ್ದೇನೆ, ಆದರೆ ಬೂದಿ ಎತ್ತಿಸಿದ ದಿನಗಳ ದಣಿವಲ್ಲ ಇದು.

ಸಂಜೆ ಐದಕ್ಕೆ ಒಳಗೆ ಇಪ್ಪತ್ತೊಂದು. ಮುಂಬದಿಯ ಜಾಲರಿಯ ಮೇಲೆ ಹಿಡಿದ ಕಾಗದ ಹಾರಿಹೋಯಿತು. ಮಾರ್ನಿ ಕೋಟು ತೆಗೆದಳು, ಸ್ವೆಟರ್ ತೆಗೆದಳು, ಅಂಗಿಯ ತೋಳು ಮಡಚಿದಳು. ಅಕ್ಟೋಬರಿನಿಂದ ನಾನು ಅವಳ ಮೊಣಕೈ ನೋಡಿರಲಿಲ್ಲ. ಬಲಗಡೆಯದು ಕೆತ್ತಿಹೋಗಿತ್ತು. ಮುಲಾಮು ಹಚ್ಚಿದೆ.

ಬೆಕ್ಕು ಬಾಗಿಲ ಹೊರಗೆ ಕೂಗುತ್ತಿದೆ ಅಂದಳು. ಒಳಗೆ ಬಿಟ್ಟೆವು.

ಡಿಸೆಂಬರ್ 25, ಬುಧವಾರ

ಡರ್ಕ್ಸೆನ್ ಬಂದಿದ್ದರು. ಅವರು ತಂದ ಕೋಸಿನ ಸುರುಳಿ, ಮಾರ್ನಿ ಮಾಡಿದ ಆಲೂಗಡ್ಡೆ ಕಡುಬು, ಪೆರೋಗಿ. ಮೂರು ಜನ ಕೂತರೆ ಟ್ರೇಲರು ತುಂಬಿಹೋಗುತ್ತದೆ. ಸೆಖೆಯೆಂದು ಕಿಟಕಿ ತೆರೆಯಬೇಕಾಯಿತು. ಡರ್ಕ್ಸೆನ್ ಪ್ರಾರ್ಥನೆ ಹೇಳುವಾಗ ಕೊನೆಗೆ ರೆಗ್ಯುಲೇಟರನ್ನೂ ಸೇರಿಸಿದರು.

ಬೆಂಚಿನ ಬಳಿ ಈಗ ಬೆಚ್ಚಗಿದೆ. ಶನಿವಾರ ರಾತ್ರಿಯಿಂದಲೇ ನಾನು ಅಲ್ಲಿ ಮಲಗಬಹುದಿತ್ತು. ಹಾಸಿಗೆ ಬಿಡಿಸಲು ಹೋದಾಗ ಮಾರ್ನಿ, "ದಿಂಬು ಇಲ್ಲೇ ಇದೆ ನಿಂದು," ಅಂದಳು. ಬೆನ್ನು ನೋವಿದ್ದುದರಿಂದ ನನಗೂ ಅನುಕೂಲವೇ ಆಯಿತು.

ಜನವರಿ 11, ಶನಿವಾರ

ಮಾರ್ನಿ ಹೋದಳು.

ಎರಡು ಸೂಟ್‌ಕೇಸು, ಒಂದು ರಟ್ಟಿನ ಪೆಟ್ಟಿಗೆ. ಮೂವತ್ತೊಂದು ವರ್ಷಕ್ಕೆ ಇಷ್ಟೇ ಉಳಿದದ್ದು. ಅಂಚೆ ಕಚೇರಿಯಿಂದ ಕಾಮ್ಲೂಪ್ಸಿಗೇ ವರ್ಗ ಮಾಡಿಸಿಕೊಂಡಿದ್ದಾಳೆ. ಪೆಟ್ಟಿಗೆಯನ್ನು ಕಾರಿಗಿಟ್ಟು ಬಂದೆ. ಏನೋ ಹೇಳಬೇಕಿತ್ತು. ಫರ್ನೇಸು ಸರಿಹೋಯಿತಲ್ಲ ಅಂದೆ. ಅದಕ್ಕಿಂತ ದಡ್ಡ ಮಾತು ಇನ್ನೊಂದಿಲ್ಲ.

ಅವಳು ಕೈಗವಸು ಹಾಕಿಕೊಳ್ಳುತ್ತ, "ಫರ್ನೇಸು ಕೆಟ್ಟಿತ್ತು ಅಂತ ನಾನು ಹೊರಟಿದ್ದಲ್ಲ ಗಾರ್ತ್. ಸರಿಹೋಯ್ತು ಅಂತ ಉಳಿಯೋಕೂ ಆಗಲ್ಲ," ಅಂದಳು. ಆಮೇಲೆ, "ನಂಗೆ ಸ್ವಲ್ಪ ದಿನ ಯಾರ ಚಳಿಯನ್ನೂ ನೋಡ್ಕೊಳ್ಳದೆ ಇರ್ಬೇಕು," ಅಂದಳು.

"ಅರ್ಥ ಆಯ್ತು," ಅಂದೆ. ಪೂರ್ತಿ ಆಗಿರಲಿಲ್ಲ. ಆದರೆ ಪೂರ್ತಿ ಕೇಳಿಸಿಕೊಂಡಿದ್ದೆ.

"ಚಾವಣಿಯ ಕಿಂಡಿ ಒಂದು ಬೆರಳಷ್ಟು ತೆರೆದೇ ಇರ್ಲಿ."

"ಇರುತ್ತೆ."

ಕಾರು ತಿರುವು ದಾಟುವವರೆಗೆ ನಿಂತಿದ್ದೆ. ಹೊರಗೆ ಮೈನಸ್ ಹದಿನೆಂಟು. ಒಳಗೆ ಇಪ್ಪತ್ತು. ಒಬ್ಬನಿಗೆ ಇಪ್ಪತ್ತು ಜಾಸ್ತಿಯೇ ಆಯಿತು.

ಜನವರಿ 23, ಗುರುವಾರ

ಕಾಮ್ಲೂಪ್ಸಿಗೆ ಹೋಗಿದ್ದೆ. ಎರಡೂ ಕಿವಿಗೆ ಯಂತ್ರ ಹಾಕಿದರು. ಹುರುಳಿಕಾಳಿನಷ್ಟು. ಹೊರಗೆ ಬಂದರೆ ನನ್ನದೇ ಅಂಗಿಯ ತೋಳಿನ ಸದ್ದು, ಹಿಮದ ಮೇಲೆ ನನ್ನದೇ ಬೂಟಿನ ಸದ್ದು. ಗೋಳು. ಲೋರ್ನಾಳ ಮನೆಯ ಬೀದಿಯ ಪಕ್ಕದಲ್ಲೇ ಹಾದುಬಂದೆ. ಕರೆಯದೆ ಹೋಗಬಾರದು ಅನಿಸಿತು. ಹೋಗಲಿಲ್ಲ.

ವಾಪಸು ಬಂದು ಫರ್ನೇಸು ಹಾಕಿದೆ. ಟಕ್ ಅನ್ನುವುದಕ್ಕೂ ಬುಸ್ ಅನ್ನುವುದಕ್ಕೂ ನಡುವೆ ಟಿಕ್ ಟಿಕ್ ಟಿಕ್ ಅಂತ ಕಿಡಿಯ ಸದ್ದೊಂದಿದೆ. ನನಗೆ ಗೊತ್ತೇ ಇರಲಿಲ್ಲ. ಸಂಜೆ ಮಾರ್ನಿಗೆ ಫೋನು ಮಾಡಿ ಅದನ್ನು ಹೇಳಿದೆ.

"ಹೌದು, ಮೂರು ಸಲ," ಅಂದಳು. "ಕೆಲವು ಸಲ ನಾಲ್ಕು."

ಆಮೇಲೆ ಅವಳ ಹೊಸ ಕೌಂಟರಿನ ಬಗ್ಗೆ ಹೇಳಿದಳು. ಅಲ್ಲಿ ದಿನಾ ಒಬ್ಬ ಅಜ್ಜಿ ಸತ್ತುಹೋದ ತನ್ನ ನಾಯಿಯ ಹೆಸರಿಗೆ ಕಾರ್ಡು ಕಳಿಸುತ್ತಾಳಂತೆ. ಇವಳು ಅದಕ್ಕೆ ಮುದ್ರೆ ಒತ್ತಿ ತೆಗೆದಿಡುತ್ತಾಳಂತೆ, ಡ್ರಾಯರು ತುಂಬುತ್ತ ಬಂದಿದೆಯಂತೆ, ಏನು ಮಾಡುವುದೋ ತೋಚುತ್ತಿಲ್ಲವಂತೆ. ಅಜ್ಜಿಯ ಹೆಸರು ಏನೆಂದು ಕೇಳಿದೆ. ವಿಲ್ಹೆಲ್ಮೀನಾ. ನಾಯಿಯ ಹೆಸರು ಬಿಸ್ಮಾರ್ಕ್. ಫೋನು ಇಟ್ಟಾಗ ಐವತ್ತು ನಿಮಿಷ ಆಗಿತ್ತು.

ಫೆಬ್ರವರಿ 5, ಬುಧವಾರ

ಹೊಸ ಮನೆಯ ನಕ್ಷೆ ಬರೆಯುವವಳು ಮಧ್ಯಾಹ್ನ ಫೋನು ಮಾಡಿದ್ದಳು. ಹಳೆಯ ಅಡಿಪಾಯದ ಮೇಲೇ ಎತ್ತಬಹುದು, ಏಪ್ರಿಲಿನಲ್ಲಿ ಕೆಲಸ ಶುರು ಮಾಡಬಹುದು ಅಂದಳು. ಆಮೇಲೆ ಸಾಲಾಗಿ ಪ್ರಶ್ನೆಗಳು. ನೆಲಮಾಳಿಗೆ ಬೇಕೇ, ಅಡುಗೆಮನೆಯ ಕಿಟಕಿ ಯಾವ ಕಡೆಗೆ, ಮಲಗುವ ಕೋಣೆ ಎಷ್ಟು, ಒಬ್ಬರಿಗೋ ಇಬ್ಬರಿಗೋ.

ಹಳೆಯ ಮನೆ ಕಟ್ಟುವಾಗ ಇದಕ್ಕೆಲ್ಲ ಹತ್ತು ನಿಮಿಷದಲ್ಲಿ ನಾನೇ ಉತ್ತರ ಕೊಟ್ಟಿದ್ದೆ. ಮಾರ್ನಿ ಆಗ ಸಂತೆಗೆ ಹೋಗಿದ್ದಳು.

"ಇದನ್ನ ಮಾರ್ನಿ ಹತ್ರ ಮಾತಾಡದೆ ಹೇಳೋಕಾಗಲ್ಲ," ಅಂದೆ.

"ಅವರು ನಿಮ್ಮ ಹೆಂಡತಿನಾ?"

"ಅದನ್ನೂ ಅವಳ ಹತ್ರಾನೇ ಕೇಳ್ಬೇಕು."

ಅವಳು ನಕ್ಕಳು, ತಮಾಷೆಯೆಂದು.

ಮಾರ್ನಿ ಕೆಲಸ ಮುಗಿಸುವ ಹೊತ್ತು ನೋಡಿಕೊಂಡು, ಐದೂವರೆಗೆ ಫೋನು ಮಾಡಿದೆ. ನಕ್ಷೆಯವಳು ಕೇಳಿದ ಎಲ್ಲ ಪ್ರಶ್ನೆಗಳನ್ನೂ ಒಂದೊಂದಾಗಿ ಓದಿದೆ. ಕೊನೆಯದನ್ನೂ ಓದಿದೆ. ಅವಳು ಉಸಿರಾಡುವುದು ಕೇಳುತ್ತಿತ್ತು. ಹಿಂದೆ ಎಲ್ಲೋ ಕೆಟಲ್ಲಿನಲ್ಲಿ ನೀರು ಕುದಿಯುತ್ತಿತ್ತು. ನಾನು ನಡುವೆ ಬಾಯಿ ಹಾಕಲಿಲ್ಲ.

"ಕೊನೇದಕ್ಕೆ ಈಗ ಉತ್ತರ ಹೇಳಲ್ಲ," ಅಂದಳು.

"ಬೇಡ."

"ಆದ್ರೆ ಅಡುಗೆಮನೆ ಕಿಟಕಿ ಪೂರ್ವಕ್ಕೆ. ಮೂವತ್ತೊಂದು ವರ್ಷ ಮಧ್ಯಾಹ್ನದ ಬಿಸಿಲಲ್ಲಿ ಬೆಂದಿದೀನಿ."

"ಪೂರ್ವಕ್ಕೆ," ಅಂತ ಬರೆದುಕೊಂಡೆ.

"ನೀನು ಬರ್ಕೊಂಡ್ರೆ ಸಾಲದು, ನಾನೇ ಗೆರೆ ಎಳೆದು ತೋರಿಸ್ತೀನಿ. ಭಾನುವಾರ ಬರ್ತೀನಿ. ಹತ್ತು ಗಂಟೆಗೆ."

ಇವತ್ತಿನ್ನೂ ಬುಧವಾರ. ಊಟದ ಮೇಜಿನ ಮೇಲೆ ಹರಡಿದ್ದ ಸ್ಕ್ರೂಗಳನ್ನೆಲ್ಲ ಡಬ್ಬಿಗೆ ತುಂಬಿ, ಮೇಜನ್ನು ಎರಡು ಸಲ ಒರೆಸಿಟ್ಟಿದ್ದೇನೆ. ದೊಡ್ಡ ಹಾಳೆ ಹರಡಲು ಜಾಗ ಸಾಲುತ್ತದೆ.